ಟಿಪ್ಪುವಿನ 40 ಯುದ್ಧನೌಕೆಗಳು: ಫಾರ್ವರ್ಡ್‌ನಲ್ಲಿ ನಿಜ ಎಷ್ಟು, ಸೇರಿಸಿದ್ದು ಎಷ್ಟು?

ಕಬ್ಬು ನುರಿಸುವ ಹಂಗಾಮಿನಲ್ಲಿ ಸಮೀರವಾಡಿಯ ದಾರಿಯುದ್ದಕ್ಕೂ ಟ್ರ್ಯಾಕ್ಟರ್‌ಗಳು ಸಾಲುಗಟ್ಟಿರುತ್ತವೆ. ಸರದಿ ಬರುವವರೆಗೆ ಕೈಯಲ್ಲಿ ಮೊಬೈಲ್ ಇದ್ದೇ ಇರುತ್ತದೆ, ಮೊಬೈಲ್‌ನಲ್ಲಿ ಫಾರ್ವರ್ಡ್‌ಗಳೂ ಇರುತ್ತವೆ. ನಮಗೆ ಬಂದ ಅಂಥದ್ದೊಂದು ಸಂದೇಶದ ಪ್ರಕಾರ ಟಿಪ್ಪು ಸುಲ್ತಾನನ ಬಳಿ 40 ಯುದ್ಧನೌಕೆಗಳಿದ್ದವು, ಒಂದೊಂದರಲ್ಲೂ 72 ಫಿರಂಗಿಗಳಿದ್ದವು, ಹಡಗಿನ ತಳಕ್ಕೆ ತಾಮ್ರ ಹೊದಿಸುವ ವಿದ್ಯೆಯನ್ನು ಕಂಡುಹಿಡಿದವನೂ ಅವನೇ. ಅದರ ಬೆನ್ನಿಗೇ ಬಂದ ಇನ್ನೊಂದು ಸಂದೇಶ ಇದನ್ನೆಲ್ಲ ಕಟ್ಟುಕಥೆ ಎಂದು ತಳ್ಳಿಹಾಕಿತ್ತು. ಟಿಪ್ಪುವಿಗೆ ಸಮುದ್ರದ ಗಂಧವೇ ಇರಲಿಲ್ಲ ಎಂಬುದು ಅದರ ವಾದ.

ಎರಡನ್ನೂ ಪರಿಶೀಲಿಸಿದೆವು. ಎರಡೂ ತಪ್ಪು. ನಿಜ ಸಂಗತಿ ಇವೆರಡಕ್ಕಿಂತ ಕುತೂಹಲಕರವಾಗಿದೆ. ಅದನ್ನು ತಿಳಿಯಲು ಟಿಪ್ಪುವಿನ ಬದುಕನ್ನು ಒಮ್ಮೆ ಸಮುದ್ರದ ಕಡೆಯಿಂದ ನೋಡಬೇಕು.

ಅಪ್ಪನ ಹಡಗುಗಳು ಕಲಿಸಿದ ಪಾಠ

ಟಿಪ್ಪು ಹುಟ್ಟಿದ್ದು 1750ರ ಆಸುಪಾಸಿನಲ್ಲಿ, ಸಮುದ್ರದಿಂದ ಬಹು ದೂರದ ದೇವನಹಳ್ಳಿಯಲ್ಲಿ. ಅವನು ಹುಡುಗನಾಗಿದ್ದಾಗ, 1763ರಲ್ಲಿ, ತಂದೆ ಹೈದರ್ ಅಲಿ ಕೆಳದಿ ಅರಸರ ಬಿದನೂರನ್ನು ಗೆದ್ದ. ಬಿದನೂರಿನ ಜೊತೆಗೆ ಮಂಗಳೂರು, ಹೊನ್ನಾವರದಂಥ ಬಂದರುಗಳೂ ಕೈಗೆ ಬಂದವು. ಮೈಸೂರಿಗೆ ಹೀಗೆ ಒಂದು ಕಡಲತೀರ ಸಿಕ್ಕಿತು. ಹೈದರ್ ಕೂಡಲೇ ಹಡಗು ಕಟ್ಟಿಸಲು ಶುರುಮಾಡಿದ.

ಆದರೆ ಹಡಗು ಕಟ್ಟಿಸುವಷ್ಟು ಸುಲಭವಾಗಿರಲಿಲ್ಲ ಅದನ್ನು ನಡೆಸುವುದು. ನೌಕಾಪಡೆಯ ಮೇಲೆ ಹೈದರ್ ಕುದುರೆ ದಳದ ಅಧಿಕಾರಿಯೊಬ್ಬನನ್ನು ತಂದು ಕೂರಿಸಿದ. ಹಡಗುಗಳನ್ನು ನಡೆಸುತ್ತಿದ್ದ ಯುರೋಪಿಯನ್ನರಿಗೆ ಇದು ಹಿಡಿಸಲಿಲ್ಲ. 1768ರಲ್ಲಿ ಮುಂಬೈಯಿಂದ ಇಂಗ್ಲಿಷರ ಹಡಗುಗಳು ಬಂದಾಗ ಹೈದರನ ಹಲವು ಹಡಗುಗಳು ಹೋರಾಡದೆ ಅವರ ಕಡೆ ಸೇರಿಕೊಂಡವು. ಮಂಗಳೂರು ಕೈತಪ್ಪಿತು. ಅದನ್ನು ಕೆಲವೇ ವಾರಗಳಲ್ಲಿ ಮರಳಿ ಪಡೆದ ಸೇನೆಯಲ್ಲಿ ಹದಿಹರೆಯದ ಟಿಪ್ಪು ಇದ್ದ.

ಹೈದರ್ ಮತ್ತೆ ಹಡಗು ಕಟ್ಟಿಸಿದ. 1780ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ನೌಕಾಧಿಪತಿ ಎಡ್ವರ್ಡ್ ಹ್ಯೂಸ್ ಮಂಗಳೂರಿನ ಬಂದರಿಗೇ ನುಗ್ಗಿ ಅವುಗಳನ್ನು ನಾಶ ಮಾಡಿದ. ಅದೇ ವರ್ಷ ಪೊಳ್ಳಿಲೂರಿನಲ್ಲಿ, ನೆಲದ ಮೇಲೆ, ಇಂಗ್ಲಿಷರಿಗೆ ಭಾರಿ ಸೋಲಿನ ರುಚಿ ತೋರಿಸಿದ್ದ ಮೈಸೂರು ನೀರಿನ ಮೇಲೆ ಹೀಗೆ ಕೈಚೆಲ್ಲಿತು.

1782ರ ಡಿಸೆಂಬರ್‌ನಲ್ಲಿ ಹೈದರ್ ತೀರಿಕೊಂಡ. ಟಿಪ್ಪು ಪಟ್ಟಕ್ಕೆ ಬರುತ್ತಿದ್ದಂತೆಯೇ, 1783ರ ಆರಂಭದಲ್ಲಿ, ಇಂಗ್ಲಿಷರು ಸಮುದ್ರದ ಮೂಲಕ ಬಂದು ಕರಾವಳಿಯಲ್ಲಿ ಇಳಿದರು. ಹೊನ್ನಾವರವನ್ನು ಹಿಡಿದು, ಘಟ್ಟ ಹತ್ತಿ ಬಿದನೂರಿಗೂ ಬಂದರು. ಟಿಪ್ಪು ಬಿದನೂರನ್ನು ಮರಳಿ ಗೆದ್ದು, ತಿಂಗಳುಗಟ್ಟಲೆ ಮಂಗಳೂರಿಗೆ ಮುತ್ತಿಗೆ ಹಾಕಿದ. ಕೊನೆಗೆ 1784ರ ಮಾರ್ಚ್ 11ರಂದು ಮಂಗಳೂರು ಒಪ್ಪಂದ ಆಯಿತು. ಶತ್ರು ಸಮುದ್ರದ ಮೇಲೆ ಎಲ್ಲಿ ಬೇಕಾದರೂ ಬಂದು ಇಳಿಯಬಲ್ಲ, ನಾವು ಮಾತ್ರ ಅವನ ಹಿಂದೆ ನೆಲದ ಮೇಲೆ ಓಡಬೇಕು ಎಂಬುದನ್ನು ಟಿಪ್ಪು ಹೀಗೆ ಸ್ವಂತ ಅನುಭವದಿಂದ ಕಲಿತ. ಅವನಿಗೆ ಸಮುದ್ರದ ಗಂಧವೇ ಇರಲಿಲ್ಲ ಎನ್ನುವ ಫಾರ್ವರ್ಡ್ ಇಲ್ಲಿಗೇ ಬಿದ್ದುಹೋಗುತ್ತದೆ.

ಮೊದಲು ವ್ಯಾಪಾರದ ಹಡಗು

ಟಿಪ್ಪುವಿನ ಮೊದಲ ಗಮನ ಹೋದದ್ದು ವ್ಯಾಪಾರದ ಕಡೆಗೆ. ಮೆಣಸು, ಶ್ರೀಗಂಧ, ಏಲಕ್ಕಿ, ಅಕ್ಕಿಯನ್ನು ಹೊರಗೆ ಮಾರಲು ಅರಬ್ ತೀರದ ಮಸ್ಕತ್‌ನಲ್ಲಿ ಸರ್ಕಾರಿ ಕೋಠಿ ಇಟ್ಟ. 1786ರಲ್ಲಿ ಈಗಿನ ಉತ್ತರ ಕನ್ನಡದ ತದಡಿಯಿಂದ ನಾಲ್ಕು ಹಡಗುಗಳಲ್ಲಿ ತುರ್ಕಿಯ ಸುಲ್ತಾನನ ಬಳಿಗೆ ದೊಡ್ಡ ನಿಯೋಗವೊಂದನ್ನು ಕಳುಹಿಸಿದ. ದಾರಿಯಲ್ಲಿ ಹಡಗುಗಳು ಹಾಳಾದವು, ರೋಗಗಳು ಬಂದವು. ಹೋದ ನೂರಾರು ಜನರಲ್ಲಿ ಊರಿಗೆ ಮರಳಿದವರು ಕೆಲವೇ ಮಂದಿ. 1788ರಲ್ಲಿ ಫ್ರಾನ್ಸಿನ ದೊರೆ 16ನೇ ಲೂಯಿಯ ಆಸ್ಥಾನಕ್ಕೂ ಅವನ ರಾಯಭಾರಿಗಳು ಹೋಗಿ ಕುಶಲಕರ್ಮಿಗಳನ್ನು ಕರೆತಂದರು. ಹೊರಗಿನ ವಿದ್ಯೆಯನ್ನು ಊರಿಗೆ ತರುವ ಹಂಬಲ ಅವನಲ್ಲಿ ಕೊನೆಯವರೆಗೂ ಇತ್ತು.

ಇದೇ ಹೊತ್ತಿಗೆ ನಮ್ಮ ಸೀಮೆಯಲ್ಲೂ ಅವನ ಯುದ್ಧ ನಡೆದಿತ್ತು. 1786ರಲ್ಲಿ ಮರಾಠರು ಮತ್ತು ನಿಜಾಮನ ಸೇನೆ ಸೇರಿ ಬಾದಾಮಿ ಕೋಟೆಯನ್ನು ಹಿಡಿದವು. ಮರುವರ್ಷದ ಗಜೇಂದ್ರಗಡ ಒಪ್ಪಂದದಲ್ಲಿ ಬಾದಾಮಿ ಮರಾಠರ ಪಾಲಾಯಿತು. ಉತ್ತರದಲ್ಲಿ ಮರಾಠರು, ಪಕ್ಕದಲ್ಲಿ ನಿಜಾಮ, ಕಡಲಿನಲ್ಲಿ ಇಂಗ್ಲಿಷರು: ಇದ್ದ ಹಣ, ಇದ್ದ ಕಬ್ಬಿಣ, ಇದ್ದ ಜನ ಎಲ್ಲವೂ ಮೂರು ದಿಕ್ಕಿಗೆ ಹಂಚಿಹೋಗಬೇಕಿತ್ತು.

1796ರ ಹುಕುಂನಾಮೆ

ಮೂರನೇ ಮೈಸೂರು ಯುದ್ಧದಲ್ಲಿ ಸೋತ ಟಿಪ್ಪು 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಅರ್ಧ ರಾಜ್ಯ ಕಳೆದುಕೊಂಡ. 3 ಕೋಟಿ 30 ಲಕ್ಷ ರೂಪಾಯಿ ದಂಡ ಕಟ್ಟಬೇಕಾಯಿತು, ಇಬ್ಬರು ಮಕ್ಕಳನ್ನು ಒತ್ತೆ ಇಡಬೇಕಾಯಿತು. ಮಲಬಾರ್ ಕೈಬಿಟ್ಟಿತು. ಉಳಿದದ್ದು ಮಂಗಳೂರಿನಿಂದ ಕಾರವಾರದ ಕಡೆಗಿನ ಕರಾವಳಿ.

ಇಂಥ ಸ್ಥಿತಿಯಲ್ಲಿ, 1796ರಲ್ಲಿ, ಫಾರ್ವರ್ಡ್ ಹೇಳುವ ಆ ದೊಡ್ಡ ಯೋಜನೆ ಹುಟ್ಟಿತು. ಅದುವರೆಗೆ ವ್ಯಾಪಾರ ಇಲಾಖೆಯ ಕೆಳಗಿದ್ದ ಹಡಗುಗಳ ವ್ಯವಹಾರವನ್ನು ಬೇರ್ಪಡಿಸಿ, 11 ಜನರ ಪ್ರತ್ಯೇಕ ನೌಕಾ ಮಂಡಳಿಯನ್ನು ಟಿಪ್ಪು ರಚಿಸಿದ. ಮಂಡಳಿಯ ಸದಸ್ಯರು ಮೀರ್ ಯಮ್‌ಗಳು. ಅವರ ಕೆಳಗೆ ಮೀರ್ ಬಹರ್ ಎಂಬ 30 ನೌಕಾ ದಳಪತಿಗಳು. ಕಟ್ಟಬೇಕಾದ ಯುದ್ಧನೌಕೆಗಳು ಸುಮಾರು 40. ಅವುಗಳಲ್ಲಿ ಅರ್ಧ, ಸಾಲುಗಟ್ಟಿ ನಿಂತು ಹೋರಾಡುವ ಭಾರಿ ನೌಕೆಗಳು. ಇನ್ನರ್ಧ, ಅವಕ್ಕಿಂತ ಹಗುರವಾದ, ವೇಗದ ಫ್ರಿಗೇಟ್‌ಗಳು. ಅತಿ ದೊಡ್ಡ ನೌಕೆಗೆ 72 ಫಿರಂಗಿ. ಒಟ್ಟು ಸಿಬ್ಬಂದಿ 10 ಸಾವಿರಕ್ಕೂ ಹೆಚ್ಚು. ಕಟ್ಟುವ ಜಾಗಗಳು ಮಂಗಳೂರು, ಮಿರ್ಜಾನ್ ಅಳಿವೆಯ ಕಡೆ ಮತ್ತು ಕಾಳಿ ನದಿಯ ದಡದ ಸದಾಶಿವಗಡ. ಮರ ಸರ್ಕಾರಿ ಕಾಡಿನಿಂದ ಬರಬೇಕು, ನದಿಯಲ್ಲಿ ತೇಲಿಸಿ ತರಬೇಕು. ಹಡಗಿನ ಮಾದರಿ ಶ್ರೀರಂಗಪಟ್ಟಣದಿಂದಲೇ ಹೋಗುತ್ತದೆ. ತಳಕ್ಕೆ ತಾಮ್ರ ಹೊದಿಸಬೇಕು.

ಇದು ಬಾಯಿಮಾತಿನ ಕಥೆಯಲ್ಲ. 1799ರಲ್ಲಿ ಅರಮನೆಯಿಂದ ಇಂಗ್ಲಿಷರು ಹೊತ್ತೊಯ್ದ ಕಾಗದಗಳಲ್ಲಿ ಈ ಆದೇಶವೂ ಇತ್ತು. ವಿಲಿಯಂ ಕರ್ಕ್‌ಪ್ಯಾಟ್ರಿಕ್ ಎಂಬ ಇಂಗ್ಲಿಷ್ ಅಧಿಕಾರಿ 1811ರಲ್ಲಿ ಲಂಡನ್‌ನಲ್ಲಿ ಪ್ರಕಟಿಸಿದ ಟಿಪ್ಪುವಿನ ಪತ್ರಗಳ ಸಂಗ್ರಹದಲ್ಲಿ ಅದು ಸೇರಿದೆ. ಅಂದರೆ ಯೋಜನೆ ನಿಜ. ಹಾಗಾದರೆ ಹಡಗುಗಳು?

ಆದೇಶ ಬೇರೆ, ಹಡಗು ಬೇರೆ

ಕಬ್ಬು ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಷ್ಟು ಎಕರೆ ಎಂದು ಕಾರ್ಖಾನೆಯಲ್ಲಿ ಹೆಸರು ಬರೆಸುವುದು ಬೇರೆ. ಕಬ್ಬು ಕಟಾವಾಗಿ, ಟ್ರ್ಯಾಕ್ಟರ್ ಏರಿ, ಕಾಟಾದ ಮೇಲೆ ತೂಗುವುದು ಬೇರೆ. ಟಿಪ್ಪುವಿನ 40 ನೌಕೆಗಳು ಹೆಸರು ಬರೆಸಿದ ಹಂತದಲ್ಲಿದ್ದವು. ಅವು ಯುದ್ಧಪಡೆಯಾಗಿ ಕಡಲಿಗೆ ಇಳಿಯಲೇ ಇಲ್ಲ. ಏಕೆಂದು ಸರಳ ಲೆಕ್ಕದಲ್ಲಿ ನೋಡೋಣ.

ಮರ: ಆ ಕಾಲದ 70ಕ್ಕೂ ಹೆಚ್ಚು ಫಿರಂಗಿಯ ಒಂದು ನೌಕೆಗೆ ಸುಮಾರು 2,000 ದೊಡ್ಡ ಮರಗಳು ಬೇಕಾಗುತ್ತಿದ್ದವು ಎಂಬುದು ಸಾಮಾನ್ಯ ಅಂದಾಜು. ಅಂಥ 20 ನೌಕೆಗೆ 40,000 ಮರ. ಪಶ್ಚಿಮ ಘಟ್ಟದ ತೇಗ, ನಮ್ಮ ಮಾತಿನಲ್ಲಿ ಸಾಗವಾನಿ, ಹಡಗಿಗೆ ಹೇಳಿ ಮಾಡಿಸಿದ ಮರ. ಆದರೆ ಹಸಿ ತೇಗ ಬಲು ಭಾರ, ನೀರಿನಲ್ಲಿ ಸರಿಯಾಗಿ ತೇಲುವುದಿಲ್ಲ. ಅದಕ್ಕೇ ಬುಡದ ಸುತ್ತ ತೊಗಟೆ ಕೆತ್ತಿ, ನಿಂತಲ್ಲೇ ಎರಡು ಮೂರು ವರ್ಷ ಒಣಗಲು ಬಿಟ್ಟು, ಆಮೇಲೆ ಕಡಿದು ನದಿಗೆ ಇಳಿಸುವ ಪದ್ಧತಿ ಇತ್ತು. 1796ರ ಆದೇಶದಿಂದ ಟಿಪ್ಪುವಿನ ಸಾವಿನವರೆಗೆ ಸಿಕ್ಕಿದ್ದೇ ಸುಮಾರು ಮೂರು ವರ್ಷ.

ಫಿರಂಗಿ: ಭಾರಿ ನೌಕೆ ಒಂದಕ್ಕೆ 60 ಎಂದು ಕಡಿಮೆ ಹಿಡಿದರೂ 20 ನೌಕೆಗೆ 1,200 ಫಿರಂಗಿ ಬೇಕು. ಫ್ರಿಗೇಟ್‌ಗಳ ಲೆಕ್ಕ ಬೇರೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಡೀ ರಾಜಧಾನಿಯಲ್ಲಿ ಇಂಗ್ಲಿಷರಿಗೆ ಸಿಕ್ಕಿದ್ದು 900ಕ್ಕಿಂತ ತುಸು ಹೆಚ್ಚು ಫಿರಂಗಿಗಳು. ಕೋಟೆಯನ್ನು ಬರಿದು ಮಾಡಿದ್ದರೂ ನೌಕಾಪಡೆ ತುಂಬುತ್ತಿರಲಿಲ್ಲ.

ಬಂದರು: ಇಷ್ಟು ದೊಡ್ಡ ನೌಕೆ ನೀರಿನ ಕೆಳಗೆ 20 ಅಡಿಗೂ ಹೆಚ್ಚು ಆಳಕ್ಕೆ ಇಳಿದಿರುತ್ತದೆ. ಮಂಗಳೂರಿನ ಹಳೆ ಬಂದರು ನದಿ ಅಳಿವೆಯಲ್ಲಿದೆ. ಅದರ ಬಾಯಲ್ಲಿ ಮರಳ ದಿಬ್ಬ. ದೊಡ್ಡ ಹಡಗುಗಳು ಹೊರಗೇ ಲಂಗರು ಹಾಕಬೇಕಿತ್ತು. ಮಳೆಗಾಲದಲ್ಲಿ ಅದೂ ಕಷ್ಟ.

ಜನ: ಹಡಗು ಕಟ್ಟಿದರೂ ಗಾಳಿ, ಹಾಯಿ, ನಕ್ಷೆ ಬಲ್ಲ ಸಾವಿರಾರು ನಾವಿಕರು ದಿನ ಬೆಳಗಾಗುವುದರೊಳಗೆ ತಯಾರಾಗುವುದಿಲ್ಲ. ಅವರು ಬರಬೇಕಾದದ್ದು ಕರಾವಳಿಯಿಂದ. ಆ ಕರಾವಳಿಯಲ್ಲಿ ಟಿಪ್ಪುವಿನ ನೆನಪು ಕಹಿಯಾಗಿಯೂ ಇದೆ. 1784ರಲ್ಲಿ, ಇಂಗ್ಲಿಷರಿಗೆ ನೆರವಾದರು ಎಂಬ ಆರೋಪದ ಮೇಲೆ, ಮಂಗಳೂರು ಸೀಮೆಯ ಕ್ರೈಸ್ತರನ್ನು ಸಾವಿರಾರು ಸಂಖ್ಯೆಯಲ್ಲಿ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಬಹಳ ಜನ ಮರಳಲಿಲ್ಲ. ಈ ಸಂಗತಿಯನ್ನು ಬಿಟ್ಟು ಟಿಪ್ಪುವಿನ ಕರಾವಳಿಯ ಕಥೆ ಹೇಳಿದರೆ ಅದು ಅರ್ಧ ಕಥೆಯಾಗುತ್ತದೆ.

ತಾಮ್ರದ ತಳ ಯಾರ ವಿದ್ಯೆ?

ಬಿಸಿ ಕಡಲಿನಲ್ಲಿ ಮರದ ಹಡಗಿಗೆ ದೊಡ್ಡ ಶತ್ರು ಫಿರಂಗಿಯಲ್ಲ, ಹುಳು. ಹುಳುವಿನಂತೆ ಕಾಣುವ, ನಿಜದಲ್ಲಿ ಚಿಪ್ಪಿನ ಜಾತಿಗೆ ಸೇರಿದ ಒಂದು ಜೀವಿ ಮರವನ್ನು ಒಳಗಿಂದೊಳಗೆ ಕೊರೆದು ಜಾಲರಿ ಮಾಡುತ್ತದೆ. ಮೇಲಿಂದ ಪಾಚಿ, ಚಿಪ್ಪುಗಳು ಅಂಟಿಕೊಂಡು ಹಡಗಿನ ವೇಗ ತಗ್ಗುತ್ತದೆ. ತಾಮ್ರದ ತಗಡು ಹೊದಿಸಿದರೆ ಉಪ್ಪುನೀರಿನಲ್ಲಿ ಅದು ಸ್ವಲ್ಪ ಸ್ವಲ್ಪವೇ ಕರಗುತ್ತದೆ. ಆ ತಾಮ್ರ ಈ ಜೀವಿಗಳಿಗೆ ವಿಷ.

ಬ್ರಿಟಿಷ್ ನೌಕಾಪಡೆ ಇದನ್ನು ಅಲಾರ್ಮ್ ಎಂಬ ಫ್ರಿಗೇಟ್ ಮೇಲೆ 1761ರಲ್ಲೇ ಪ್ರಯೋಗಿಸಿತ್ತು. ಆದರೆ ಕಬ್ಬಿಣದ ಮೊಳೆ ಮತ್ತು ತಾಮ್ರ ಉಪ್ಪುನೀರಿನಲ್ಲಿ ಒಟ್ಟಿಗಿದ್ದರೆ ಬ್ಯಾಟರಿಯಂತೆ ವಿದ್ಯುತ್ ಹರಿದು ಕಬ್ಬಿಣ ಬೇಗ ತಿಂದುಹೋಗುತ್ತದೆ. 1780ರ ದಶಕದಲ್ಲಿ ತಾಮ್ರ ಮಿಶ್ರಲೋಹದ ಮೊಳೆಗಳು ಬಂದ ಮೇಲೆ ಆ ಸಮಸ್ಯೆ ಬಗೆಹರಿಯಿತು. ಆ ಹೊತ್ತಿಗೆ ಬ್ರಿಟಿಷರ ಬಹುತೇಕ ಯುದ್ಧನೌಕೆಗಳಿಗೆ ತಾಮ್ರದ ತಳವಿತ್ತು. ಆದ್ದರಿಂದ ಟಿಪ್ಪು ಇದನ್ನು ಕಂಡುಹಿಡಿಯಲಿಲ್ಲ. ಆದರೆ ಶತ್ರುವಿನ ಅತ್ಯಂತ ಹೊಸ ವಿದ್ಯೆಯನ್ನು ಗುರುತಿಸಿ ತನ್ನ ಆದೇಶದಲ್ಲಿ ಸೇರಿಸಿದ. ಅದೂ ಸಣ್ಣ ಮಾತಲ್ಲ.

ಕೊನೆ, ಮತ್ತು ಕೊನೆಯ ನಂತರ

ಸ್ವಂತ ನೌಕಾಪಡೆ ಸಿದ್ಧವಾಗದೆ ಟಿಪ್ಪು ಫ್ರೆಂಚರ ಹಡಗುಗಳನ್ನು ನಂಬಿದ. ಮಾರಿಷಸ್‌ಗೆ ದೂತರನ್ನು ಕಳುಹಿಸಿದ. 1798ರ ಏಪ್ರಿಲ್‌ನಲ್ಲಿ ಮಂಗಳೂರಿನಲ್ಲಿ ಬಂದಿಳಿದವರು ಬರೀ ನೂರರಷ್ಟು ಜನ. ಅದೇ ಆಗಸ್ಟ್‌ನಲ್ಲಿ ಈಜಿಪ್ಟ್ ತೀರದಲ್ಲಿ ನೆಲ್ಸನ್ ಫ್ರೆಂಚ್ ನೌಕಾಪಡೆಯನ್ನು ನಾಶ ಮಾಡಿದ ಮೇಲೆ ಉಳಿದ ಆಸೆಯೂ ಹೋಯಿತು. 1799ರಲ್ಲಿ ಇಂಗ್ಲಿಷರ ಮುಂಬೈ ಸೇನೆ ಕಣ್ಣೂರಿನಿಂದ ಕೊಡಗಿನ ದಾರಿ ಹಿಡಿದು ಬಂತು. ಅದನ್ನು ಸಮುದ್ರದಲ್ಲೇ ತಡೆಯಬಲ್ಲ ನೌಕಾಪಡೆ ಮೈಸೂರಿಗೆ ಇರಲಿಲ್ಲ. ಮೇ 4ರಂದು ಕೋಟೆ ಬಿತ್ತು. ಟಿಪ್ಪು ಹೋರಾಡುತ್ತಲೇ ಸತ್ತ.

ಮುಂದೆ ನಡೆದದ್ದು ಯಾವ ಫಾರ್ವರ್ಡ್‌ನಲ್ಲೂ ಇರುವುದಿಲ್ಲ. ಮೈಸೂರಿನ ಕಬ್ಬಿಣದ ಕೊಳವೆಯ ರಾಕೆಟ್‌ಗಳು ಇಂಗ್ಲೆಂಡಿಗೆ ಹೋದವು. ಅವುಗಳಿಂದ ಪ್ರೇರಣೆ ಪಡೆದು ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ ರೂಪಿಸಿದ. 1806ರಲ್ಲಿ ಫ್ರಾನ್ಸಿನ ಬೂಲೋನ್ ಬಂದರಿನ ಮೇಲೆ ಬ್ರಿಟಿಷ್ ದೋಣಿಗಳಿಂದ ಆ ರಾಕೆಟ್‌ಗಳು ಹಾರಿದವು. ಮೈಸೂರಿನ ರಾಕೆಟ್ ವಿದ್ಯೆ ಕಡಲಿಗೆ ಇಳಿದದ್ದು ಹೌದು, ಆದರೆ ಶತ್ರುವಿನ ನೌಕಾಪಡೆಯಲ್ಲಿ. ಪಶ್ಚಿಮ ಘಟ್ಟದ ತೇಗವೂ ಮುಂಬೈಯ ಹಡಗುಕಟ್ಟೆಗೆ ಹೋಯಿತು. ಅಲ್ಲಿ ತೇಗದಿಂದಲೇ ಕಟ್ಟಿದ 74 ಫಿರಂಗಿಯ ಮಿಂಡೆನ್ ನೌಕೆ 1810ರಲ್ಲಿ ನೀರಿಗಿಳಿಯಿತು. ಟಿಪ್ಪು ಬಯಸಿದ್ದಂಥದ್ದೇ ಹಡಗು, ಹಾರಾಡಿದ ಬಾವುಟ ಮಾತ್ರ ಬೇರೆ.

ಇನ್ನೂ ಒಂದು ಸಂಗತಿ. ಟಿಪ್ಪು ಆರಿಸಿದ ಜಾಗಗಳಲ್ಲಿ ಒಂದಾದ ಸದಾಶಿವಗಡ ಕಾರವಾರಕ್ಕೆ ಎದುರಾಗಿ, ಕಾಳಿ ನದಿಯ ಆಚೆ ದಡದಲ್ಲಿದೆ. ಅಲ್ಲಿಂದ ಸ್ವಲ್ಪ ದಕ್ಷಿಣಕ್ಕೆ, 2005ರಲ್ಲಿ ಆರಂಭವಾದ ಭಾರತೀಯ ನೌಕಾಪಡೆಯ ಐಎನ್‌ಎಸ್ ಕದಂಬ ನೆಲೆ ಇದೆ.

ನಮ್ಮ ತೀರ್ಮಾನ

ಸುಮಾರು 40 ಯುದ್ಧನೌಕೆಗಳ ಯೋಜನೆ: ನಿಜ, 1796ರದು.
ಆ 40 ನೌಕೆಗಳ ಪಡೆ ಕಡಲಲ್ಲಿತ್ತು ಎಂಬುದು: ಸುಳ್ಳು.
ಪ್ರತಿ ನೌಕೆಯಲ್ಲೂ 72 ಫಿರಂಗಿ: ತಪ್ಪು, ಅದು ಅತಿ ದೊಡ್ಡ ನೌಕೆಗೆ ಗೊತ್ತುಮಾಡಿದ ಸಂಖ್ಯೆ.
ತಾಮ್ರದ ತಳ ಟಿಪ್ಪುವಿನ ಸಂಶೋಧನೆ: ಸುಳ್ಳು.
ಟಿಪ್ಪುವಿಗೆ ಸಮುದ್ರದ ಅರಿವೇ ಇರಲಿಲ್ಲ: ಸುಳ್ಳು.

ಇಂಥ ಸಂದೇಶ ಮತ್ತೆ ಬಂದಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ಬರೆಸಿದ ಲೆಕ್ಕವೋ, ಕಾಟಾದ ಮೇಲೆ ತೂಗಿದ ಲೆಕ್ಕವೋ? ಹಳೆಯ ರಾಜರ ಸೈನ್ಯಕ್ಕೂ, ಇವತ್ತಿನ ಘೋಷಣೆಗಳಿಗೂ ಈ ಪ್ರಶ್ನೆ ಹೊಂದುತ್ತದೆ. ಉತ್ತರ ಸಿಕ್ಕ ಮೇಲೆ ಫಾರ್ವರ್ಡ್ ಮಾಡಿ.