ತುಘಲಕನ ಹೆಸರು

ಸರ್ಕಾರದ ಆಜ್ಞೆಯೊಂದು ರುಚಿಸದಿದ್ದರೆ ಸಾಕು, ಅದನ್ನು ತುಘಲಕ್ ದರ್ಬಾರೆಂದು ಹಳಿಯುವುದು ನಮ್ಮ ಶಾಸನಸಭೆಯಲ್ಲಿಯೂ ವೇದಿಕೆಗಳಲ್ಲಿಯೂ ರೂಢಿಯಾಗಿದೆ. ಹೆಸರು ಕೇಳಿದೊಡನೆ ನಗೆಯೇಳುತ್ತದೆ. ಆಜ್ಞೆಯಿಂದ ಯಾರಿಗೆ ಎಷ್ಟು ಕಷ್ಟವೆಂಬ ವಿಚಾರ ಅಲ್ಲಿಗೇ ನಿಂತುಹೋಗುತ್ತದೆ.

1325ರಲ್ಲಿ ದೆಹಲಿಯ ಪಟ್ಟವೇರಿದ ಮಹಮ್ಮದ್ ಬಿನ್ ತುಘಲಕನು ಹುಚ್ಚನಲ್ಲ. ತರ್ಕ, ಗಣಿತ, ವೈದ್ಯಗಳಲ್ಲಿ ನುರಿತ ವಿದ್ವಾಂಸನು. ನಮ್ಮ ಕಂಪಿಲಿಯವರೆಗೂ ಹಬ್ಬಿದ ರಾಜ್ಯವನ್ನು ದೇವಗಿರಿಯಿಂದ ಆಳಬೇಕೆಂಬ ಆಲೋಚನೆ ಅಸಂಗತವೇನಲ್ಲ. ತಾಮ್ರದ ನಾಣ್ಯಕ್ಕೆ ಬೆಳ್ಳಿಯ ಬೆಲೆ ಕಟ್ಟಿದುದೂ ಹಾಗೆಯೇ. ನಾವಾದರೋ ಕಾಗದವನ್ನೇ ಹಣವೆಂದು ನಂಬಿ ನಡೆದಿದ್ದೇವೆ! ಖೋಟಾ ನಾಣ್ಯಗಳು ಹೆಚ್ಚಿ ಆ ಪ್ರಯೋಗ ಕೆಟ್ಟಾಗ, ಆತನು ಬೊಕ್ಕಸದ ಬೆಳ್ಳಿಬಂಗಾರವನ್ನು ಕೊಟ್ಟು ತಾಮ್ರವನ್ನು ಹಿಂದಕ್ಕೆ ಪಡೆದನು. ಇದನ್ನು ಸ್ಮರಿಸುವವರು ವಿರಳ.

ಆತನ ಅಪರಾಧ ಬೇರೆ. ದೆಹಲಿಯ ಗಣ್ಯರನ್ನು ಅವರ ಇಚ್ಛೆಗೆ ವಿರುದ್ಧವಾಗಿ ದೇವಗಿರಿಗೆ ಹೊರಡಿಸಿದನು. ಗಂಗಾಯಮುನೆಗಳ ನಡುನಾಡಿನಲ್ಲಿ ಕಂದಾಯವನ್ನು ತೀವ್ರವಾಗಿ ಏರಿಸಿದನು. ರೈತರು ಹೊಲ ಬಿಟ್ಟು ಓಡಿದರು, ಕ್ಷಾಮವೂ ಬಂದಿತು. ಬೇಸಾಯಕ್ಕೆ ಸಾಲ ಕೊಟ್ಟುದು ಆಮೇಲೆ. ಆತನಿಂದಲೇ ದೆಹಲಿಯ ನ್ಯಾಯಾಧಿಪತ್ಯವನ್ನು ಪಡೆದ ಯಾತ್ರಿಕ ಇಬನ್ ಬತೂತನು, ದಾನಕ್ಕೂ ಮರಣದಂಡನೆಗೂ ಸಮನಾಗಿ ಕೈಚಾಚಿದ ದೊರೆಯೆಂದು ಆತನನ್ನು ಚಿತ್ರಿಸಿದ್ದಾನೆ. ದಂಗೆಗಳ ಮೇಲೆ ದಂಗೆಗಳೆದ್ದವು, ದಕ್ಷಿಣವು ಕೈಬಿಟ್ಟಿತು. 1351ರಲ್ಲಿ, ಬಂಡೆದ್ದ ಸರದಾರನೊಬ್ಬನನ್ನು ಬೆನ್ನಟ್ಟುತ್ತ ಸಿಂಧಿನ ಠಟ್ಟಾದ ಬಳಿಯಲ್ಲಿ ಜ್ವರದಿಂದ ಮಡಿದನು.