ಭಾಷೆಗಳನ್ನು ಹುಡುಕಿದ ಗ್ರಿಯರ್ಸನ್

ಮಕ್ಕಳೇ, ಜನಗಣತಿಯವರು ಹೆಸರು, ವಯಸ್ಸಿನ ಜೊತೆಗೆ ಮಾತೃಭಾಷೆಯನ್ನೂ ಕೇಳಿ ಬರೆದುಕೊಳ್ಳುತ್ತಾರೆ. ಇದಕ್ಕೆ ಉತ್ತರ ಹೇಳುವುದು ಬಹಳ ಸುಲಭ ಎನಿಸುತ್ತದೆ, ಅಲ್ಲವೇ? ಅದು ಅಷ್ಟು ಸುಲಭವಲ್ಲ ಎಂಬುದನ್ನು ಕಂಡುಕೊಂಡವರು ಜಾರ್ಜ್ ಅಬ್ರಹಾಂ ಗ್ರಿಯರ್ಸನ್.

ಗ್ರಿಯರ್ಸನ್ 1851ರಲ್ಲಿ ಐರ್ಲೆಂಡಿನ ಡಬ್ಲಿನ್ ಬಳಿ ಜನಿಸಿದರು. ಟ್ರಿನಿಟಿ ಕಾಲೇಜಿನಲ್ಲಿ ಗಣಿತ ಓದುತ್ತಲೇ ಸಂಸ್ಕೃತವನ್ನೂ ಕಲಿತರು. 1873ರಲ್ಲಿ ಸರ್ಕಾರಿ ಅಧಿಕಾರಿಯಾಗಿ ಭಾರತಕ್ಕೆ ಬಂದರು. ಬಿಹಾರದ ರೈತರು ನೇಗಿಲು, ಗಾಡಿ ಮುಂತಾದವುಗಳ ಭಾಗಗಳಿಗೆ ಬಳಸುತ್ತಿದ್ದ ಹೆಸರುಗಳನ್ನೆಲ್ಲ ಸಂಗ್ರಹಿಸಿ 1885ರಲ್ಲಿ ಪುಸ್ತಕ ಪ್ರಕಟಿಸಿದರು.

ಆಗಿನ ಜನಗಣತಿಯಲ್ಲೂ ಮಾತೃಭಾಷೆಯ ಪ್ರಶ್ನೆ ಇತ್ತು. ಆದರೆ ಕೆಲವರು ತಮ್ಮ ಜಾತಿಯ ಇಲ್ಲವೇ ಸೀಮೆಯ ಹೆಸರನ್ನೇ ಭಾಷೆಯ ಹೆಸರಾಗಿ ಹೇಳುತ್ತಿದ್ದರು. ತಾವು ಆಡುವ ಮಾತಿಗೆ ಒಂದು ಹೆಸರಿದೆ ಎಂಬುದೇ ಎಷ್ಟೋ ಹಳ್ಳಿಗರಿಗೆ ತಿಳಿದಿರಲಿಲ್ಲ. ಹೀಗಿರುವಾಗ ಹೆಸರುಗಳನ್ನು ಎಣಿಸಿದರೆ ಭಾಷೆಗಳನ್ನು ಎಣಿಸಿದಂತಾಗುವುದೇ?

1898ರಲ್ಲಿ ಭಾರತದ ಭಾಷಾ ಸಮೀಕ್ಷೆಯ ಹೊಣೆ ಗ್ರಿಯರ್ಸನ್ ಅವರಿಗೆ ಬಂತು. ಅವರು ಅನುಸರಿಸಿದ ವಿಧಾನ ಸರಳವಾಗಿತ್ತು. ಎಲ್ಲ ಕಡೆಗೂ ಒಂದೇ ಕಥೆಯನ್ನೂ 241 ಪದ ಮತ್ತು ಸಣ್ಣ ವಾಕ್ಯಗಳ ಒಂದೇ ಪಟ್ಟಿಯನ್ನೂ ಕಳುಹಿಸಿ, ಅವನ್ನು ಆಯಾ ಊರಿನ ಮಾತಿನಲ್ಲಿ ಬರೆಸಿ ತರಿಸಿದರು. ಎಲ್ಲರೂ ಹೇಳುವ ವಿಷಯ ಒಂದೇ ಆದಾಗ, ಮಾತಿನಲ್ಲಿರುವ ವ್ಯತ್ಯಾಸ ಎದ್ದು ಕಾಣುತ್ತದೆ. ನಾವು ಪ್ರಯೋಗ ಮಾಡುವಾಗ ಒಂದನ್ನು ಮಾತ್ರ ಬದಲಿಸಿ, ಉಳಿದುದನ್ನು ಹಾಗೆಯೇ ಇಡುವುದಿಲ್ಲವೇ? ಇದೂ ಹಾಗೆಯೇ.

ಇಂಗ್ಲೆಂಡಿಗೆ ಮರಳಿದ ಮೇಲೂ ಅವರು ಈ ಕೆಲಸ ಬಿಡಲಿಲ್ಲ. 1903ರಿಂದ 1928ರವರೆಗೆ 11 ಸಂಪುಟಗಳು ಹೊರಬಂದವು. ಅವುಗಳಲ್ಲಿ 179 ಭಾಷೆಗಳನ್ನೂ 544 ಉಪಭಾಷೆಗಳನ್ನೂ ಗುರುತಿಸಲಾಗಿತ್ತು. ಆದರೆ ಮೈಸೂರು, ಹೈದರಾಬಾದ್ ಸಂಸ್ಥಾನಗಳು ಮತ್ತು ಮದ್ರಾಸ್ ಪ್ರಾಂತ್ಯ ಈ ಸಮೀಕ್ಷೆಯಿಂದ ಹೊರಗೇ ಉಳಿದಿದ್ದವು. ಆದ್ದರಿಂದ ಕನ್ನಡದ ಮಾದರಿಗಳು ಮುಖ್ಯವಾಗಿ ಆಗಿನ ಮುಂಬಯಿ ಪ್ರಾಂತ್ಯದಿಂದ ಬಂದವು. 1941ರಲ್ಲಿ ಗ್ರಿಯರ್ಸನ್ ನಿಧನರಾದರು.

ಅವರು ಕಂಡ ತೊಡಕು ಆನಂತರವೂ ಉಳಿಯಿತು. 2011ರ ಜನಗಣತಿಯಲ್ಲಿ ಜನರು ಮಾತೃಭಾಷೆಯೆಂದು ಬರೆಸಿದ ಹೆಸರುಗಳು 19,569! ತಜ್ಞರು ಪರಿಶೀಲಿಸಿ, ಅವನ್ನು 1,369 ಮಾತೃಭಾಷೆಗಳಾಗಿ ವರ್ಗೀಕರಿಸಿದರು.

ನಿಮ್ಮ ಮನೆಮಾತು ತುಳು, ಕೊಡವ, ಲಂಬಾಣಿ, ಬ್ಯಾರಿ ಯಾವುದೇ ಇರಲಿ, ಹೇಳಲು ಸಂಕೋಚ ಬೇಡ. ಶಾಲೆಯಲ್ಲಿ ಕಲಿಯುವ ಭಾಷೆಯನ್ನೇ ಮಾತೃಭಾಷೆ ಎಂದು ಬರೆಸಿದರೆ, ಮನೆಮಾತು ಲೆಕ್ಕದಿಂದ ಬಿಟ್ಟುಹೋಗುತ್ತದೆ.

ಮಾಡಿ ನೋಡಿ: ಕೈ, ಕಾಲು, ಮೂಗು, ಕಣ್ಣು, ನೀರು, ಬೆಂಕಿ. ಈ ಆರು ಪದಗಳಿಗೆ ನಿಮ್ಮ ತರಗತಿಯ ಪ್ರತಿಯೊಬ್ಬರ ಮನೆಯಲ್ಲಿ ಏನೆನ್ನುತ್ತಾರೆಂದು ಅಜ್ಜ ಅಜ್ಜಿಯರನ್ನು ಕೇಳಿ ಪಟ್ಟಿ ಮಾಡಿ. ನಿಮ್ಮ ತರಗತಿಯಲ್ಲಿ ಎಷ್ಟು ಭಾಷೆಗಳಿವೆ?