ಮಕ್ಕಳ ನ್ಯಾಯಾಲಯ

ವಾರ್ಸಾ ನಗರದ ಬಡ ಕೇರಿಗಳ ಮೂವತ್ತು ಹುಡುಗರನ್ನು ಬೇಸಿಗೆಯ ಕೆಲವು ವಾರಗಳ ಮಟ್ಟಿಗೆ ಹಳ್ಳಿಯ ಶಿಬಿರದಲ್ಲಿ ನೋಡಿಕೊಳ್ಳುವ ಹೊಣೆ ಹೆನ್ರಿಕ್ ಗೋಲ್ಡ್‌ಶ್ಮಿಟ್ ಎಂಬ ತರುಣರಿಗೆ ಬಂದಿತು. ಅವರು ಆಗ ವೈದ್ಯಶಾಸ್ತ್ರದ ವಿದ್ಯಾರ್ಥಿ. ಮಕ್ಕಳ ಮೇಲೆ ಪ್ರೀತಿಯೊಂದಿದ್ದರೆ ಸಾಕು, ಮಿಕ್ಕದ್ದೆಲ್ಲ ತಾನಾಗಿಯೇ ಒದಗುವುದೆಂದು ನಂಬಿದ್ದರು. ಆಟದ ಸಾಮಗ್ರಿಗಳನ್ನೆಲ್ಲ ಜೋಡಿಸಿಕೊಂಡು ಹೊರಟ ಅವರು, ಊಟದ ಮೇಜಿನ ಬಳಿ ಯಾರು ಎಲ್ಲಿ ಕುಳಿತುಕೊಳ್ಳಬೇಕು, ಯಾವ ಹಾಸಿಗೆ ಯಾರದು ಎಂಬುದನ್ನು ಯೋಚಿಸಿಯೇ ಇರಲಿಲ್ಲ. ಮೊದಲ ದಿನವೇ ಜಗಳಗಳು ಎದ್ದವು. ರಾತ್ರಿ ಮಲಗುವ ಕೋಣೆಯಲ್ಲಿ ಗದ್ದಲ ಮಿತಿಮೀರಿದಾಗ ಅವರು ಕೂಗಾಡಿದರು, ಬೆದರಿಸಿದರು, ಒಬ್ಬ ಹುಡುಗನ ಕಿವಿಯನ್ನೂ ಹಿಂಡಿದರು. ಹುಡುಗರು ಮಣಿಯಲಿಲ್ಲ, ವಿರೋಧ ಮತ್ತಷ್ಟು ಬಲಿಯಿತು. ಮಕ್ಕಳ ಗುಂಪಿನ ಮುಂದೆ ಮೊದಲ ಬಾರಿಗೆ ನಿಂತ ಯಾವ ಉಪಾಧ್ಯಾಯರಿಗೂ ಈ ಇಕ್ಕಟ್ಟು ಅಪರಿಚಿತವಲ್ಲ.

ಕೊನೆಗೆ ಅವರು ಹುಡುಗರನ್ನು ಕಾಡಿಗೆ ಕರೆದೊಯ್ದು, ಅವರ ನಡುವೆ ಕುಳಿತು ಮಾತನಾಡಿದರು. ಉಪದೇಶ ಮಾಡಲಿಲ್ಲ; ಏನು ಮಾಡೋಣವೆಂದು ಅವರನ್ನೇ ಕೇಳಿದರು. ಮಕ್ಕಳಿಗೆ ಹೇಳುವುದು ಬೇರೆ, ಮಕ್ಕಳೊಡನೆ ಮಾತನಾಡುವುದು ಬೇರೆ ಎಂಬುದು ಅವರಿಗೆ ಅಂದು ಹೊಳೆಯಿತು. ಮುಂದಿನ ಶಿಬಿರಕ್ಕೆ ಹೊರಡುವ ಮುನ್ನ ಅವರು ಹುಡುಗರೆಲ್ಲರ ಹೆಸರುಗಳನ್ನು ಬಾಯಿಪಾಠ ಮಾಡಿಕೊಂಡರು.

ಈ ತರುಣರೇ ಮುಂದೆ ಯಾನುಷ್ ಕೊರ್ಚಾಕ್ ಎಂಬ ಕಾವ್ಯನಾಮದಿಂದ ಪೋಲೆಂಡಿನಲ್ಲೆಲ್ಲ ಪ್ರಸಿದ್ಧರಾದರು. ಅವರು ಹುಟ್ಟಿದ್ದು ವಾರ್ಸಾದ ಯೆಹೂದಿ ಕುಟುಂಬದಲ್ಲಿ, 1878ರಲ್ಲೋ 1879ರಲ್ಲೋ. ತಂದೆ ಮಗನ ಜನನವನ್ನು ನೋಂದಾಯಿಸಲು ತಡಮಾಡಿದ್ದರಿಂದ ವರ್ಷ ಖಚಿತವಾಗಿಲ್ಲ. ವಕೀಲರಾಗಿದ್ದ ತಂದೆ ಬುದ್ಧಿಭ್ರಮಣೆಗೆ ತುತ್ತಾಗಿ 1896ರಲ್ಲಿ ತೀರಿಕೊಂಡರು. ಮನೆಯಲ್ಲಿ ಬಡತನ ಕವಿಯಿತು. 1905ರಲ್ಲಿ ವೈದ್ಯ ಪದವಿ ಪಡೆದ ಕೊರ್ಚಾಕ್ ಮಕ್ಕಳ ಆಸ್ಪತ್ರೆಯಲ್ಲಿ ಹೆಸರು ಗಳಿಸಿದರೂ ಅಲ್ಲಿ ನಿಲ್ಲಲಿಲ್ಲ. 1912ರಲ್ಲಿ ಕ್ರೊಖ್ಮಾಲ್ನಾ ಬೀದಿಯಲ್ಲಿ ಆರಂಭವಾದ ಅನಾಥಾಲಯದ ಹೊಣೆಯನ್ನು ಸ್ಟೆಫಾನಿಯಾ ವಿಲ್ಚಿನ್ಸ್ಕಾ ಅವರೊಡನೆ ವಹಿಸಿಕೊಂಡರು.

ಏಳರಿಂದ ಹದಿನಾಲ್ಕು ವಯಸ್ಸಿನ ಸುಮಾರು ನೂರು ಮಕ್ಕಳು ಅಲ್ಲಿದ್ದರು. ಮೊದಲ ವರ್ಷ ಅತ್ಯಂತ ಕಠಿನವಾಗಿತ್ತು. ಹೊಸ ಕಟ್ಟಡ, ಹೊಸ ನಿಯಮ, ಹೊಸ ಮುಖಗಳ ನಡುವೆ ಕಂಗೆಟ್ಟ ಮಕ್ಕಳು ಒಳಗೊಳಗೇ ಒಂದಾಗಿ ಹಿರಿಯರನ್ನು ಎದುರಿಸಿದರು. ಕೊರ್ಚಾಕರು ಬೆತ್ತ ಹಿಡಿಯಲಿಲ್ಲ. ಏರ್ಪಾಡುಗಳನ್ನು ಒಂದೊಂದಾಗಿ ಕಟ್ಟಿದರು. ಗೋಡೆಯ ಮೇಲೆ ಪ್ರಕಟಣೆಯ ಹಲಗೆ ಬಂದಿತು. ಹೋದಲ್ಲೆಲ್ಲ ಮುತ್ತಿಕೊಂಡು ಪ್ರಶ್ನೆ, ದೂರು, ಬೇಡಿಕೆಗಳನ್ನು ಸುರಿಸುತ್ತಿದ್ದ ಮಕ್ಕಳಿಗಾಗಿ ಒಂದು ಪತ್ರಪೆಟ್ಟಿಗೆ ಬಂದಿತು. ಬರೆದು ಹಾಕಿದರೆ ಉತ್ತರ ಸಿಗುವುದು ಖಂಡಿತ, ಆದರೆ ಕಾಯಬೇಕು. ಬರೆಯುವಷ್ಟರಲ್ಲಿಯೇ ಎಷ್ಟೋ ದೂರುಗಳ ಕಾವು ಆರಿಹೋಗುತ್ತಿತ್ತು. ಹೊಸದಾಗಿ ಸೇರಿದ ಮಗುವಿಗೆ ಹಿರಿಯ ಹುಡುಗನೋ ಹುಡುಗಿಯೋ ಮೂರು ತಿಂಗಳು ಪೋಷಕರು. ಜಗಳಗಂಟನು ಈ ವಾರ ಇಷ್ಟೇ ಸಲ ಹೊಡೆದಾಡುವೆನೆಂದು ಕೊರ್ಚಾಕರೊಡನೆ ಪಂಥ ಕಟ್ಟಬಹುದಿತ್ತು. ಒಂದೇ ವಾರದಲ್ಲಿ ಪೂರ್ತಿ ಬಿಡುವೆನೆಂದರೆ ಅವರು ಒಪ್ಪುತ್ತಿರಲಿಲ್ಲ. ಮೊದಲು ಸ್ವಲ್ಪ ಕಡಿಮೆಯಾದರೆ ಸಾಕು. ಗೆದ್ದೆನೋ ಸೋತೆನೋ ಎಂಬುದಕ್ಕೆ ಹುಡುಗನ ಮಾತೇ ಸಾಕ್ಷಿ. ಗೆದ್ದವನಿಗೆ ಮಿಠಾಯಿ.

ಇವೆಲ್ಲಕ್ಕಿಂತ ದೊಡ್ಡದು ಮಕ್ಕಳ ನ್ಯಾಯಾಲಯ. ಒಬ್ಬರಿಂದ ಅನ್ಯಾಯವಾಯಿತೆಂದು ಅನ್ನಿಸಿದವರು ಹಲಗೆಯ ಮೇಲೆ ಹೆಸರು ಬರೆದು ದೂರು ಕೊಡಬಹುದು. ಆ ವಾರ ಯಾರ ಮೇಲೆ ದೂರಿಲ್ಲವೋ ಅಂಥ ಮಕ್ಕಳಿಂದ ಚೀಟಿ ಎತ್ತಿ ಐವರು ನ್ಯಾಯಾಧೀಶರನ್ನು ಆರಿಸುತ್ತಿದ್ದರು. ಹಿರಿಯರು ಕಾರ್ಯದರ್ಶಿಯಾಗಿ ಬರೆದುಕೊಳ್ಳುವರೇ ಹೊರತು ತೀರ್ಪು ಕೊಡುತ್ತಿರಲಿಲ್ಲ. ಕೊರ್ಚಾಕರು ರಚಿಸಿದ ಸಂಹಿತೆಯ ಮೊದಲ 99 ವಿಧಿಗಳೂ ಬಿಡುಗಡೆಯನ್ನೋ ಕ್ಷಮೆಯನ್ನೋ ಹೇಳುವಂಥವು: ತಿಳಿಯದೆ ಮಾಡಿದನು, ಆಕಸ್ಮಿಕವಾಗಿ ಆಯಿತು, ಪಶ್ಚಾತ್ತಾಪಪಟ್ಟನು, ಇನ್ನು ಮುಂದೆ ತಿದ್ದಿಕೊಂಡಾನು ಎಂಬಂತೆ. ಅನಂತರ 100, 200 ಎಂದು ಏರುತ್ತ, ತಪ್ಪನ್ನು ಪತ್ರಿಕೆಯಲ್ಲಿ ಪ್ರಕಟಿಸುವ, ಹಲಗೆಯ ಮೇಲೆ ಬರೆಯುವ ವಿಧಿಗಳಿದ್ದವು. ಅನಾಥಾಲಯದಿಂದ ಹೊರಗೆ ಕಳುಹಿಸುವುದು 1000ನೆಯದು. ಅದನ್ನು ಬಳಸುವ ಪ್ರಸಂಗ ಬಹು ವಿರಳ.

ನ್ಯಾಯಾಲಯ ಆರಂಭದಲ್ಲಿ ಸುಗಮವಾಗಿ ನಡೆಯಲಿಲ್ಲ. ಕ್ಷಮೆ ಸಿಕ್ಕೇ ಸಿಗುವುದೆಂದು ಕೆಲವರು ಅದನ್ನು ಹಗುರಾಗಿ ಕಂಡರು. ಕೊರ್ಚಾಕರು ಅದನ್ನು ನಾಲ್ಕು ವಾರ ನಿಲ್ಲಿಸಬೇಕಾಯಿತು. ಮತ್ತೆ ಆರಂಭಿಸಿದಾಗ ಸೇರಿಸಿದ ತಿದ್ದುಪಡಿಗಳಲ್ಲಿ ಒಂದು, ಮಕ್ಕಳು ಹಿರಿಯರ ಮೇಲೂ ದೂರು ಕೊಡಬಹುದು ಎಂಬುದು. ಆರು ತಿಂಗಳಲ್ಲಿ ಕೊರ್ಚಾಕರೇ ಐದು ಸಲ ಆರೋಪಿಯಾಗಿ ನಿಂತರು. ಒಬ್ಬ ಹುಡುಗನ ಕಪಾಳಕ್ಕೆ ಹೊಡೆದಿದ್ದರು. ಒಬ್ಬನನ್ನು ಮಲಗುವ ಕೋಣೆಯಿಂದ ಹೊರದಬ್ಬಿದ್ದರು. ಒಬ್ಬನನ್ನು ಮೂಲೆಯಲ್ಲಿ ನಿಲ್ಲಿಸಿದ್ದರು. ಒಬ್ಬ ನ್ಯಾಯಾಧೀಶನನ್ನು ಅವಮಾನಿಸಿದ್ದರು. ಒಬ್ಬ ಹುಡುಗಿಯನ್ನು ಕಳ್ಳತನಕ್ಕಾಗಿ ಶಂಕಿಸಿದ್ದರು. ಈ ವಿಷಯವನ್ನು ಅವರು ಮುಚ್ಚಿಡದೆ ತಮ್ಮ ಪುಸ್ತಕದಲ್ಲಿ ಬರೆದರು. ನ್ಯಾಯವಂತನಾದ ಉಪಾಧ್ಯಾಯನಾಗಲು ಆ ಐದು ಮೊಕದ್ದಮೆಗಳೇ ತಮಗೆ ಶಿಕ್ಷಣವಾದವೆಂಬುದು ಅವರ ಅಭಿಪ್ರಾಯವಾಗಿತ್ತು.

1926ರಲ್ಲಿ ಅವರು ಮಕ್ಕಳೇ ಬರೆಯುವ ವಾರಪತ್ರಿಕೆಯೊಂದನ್ನು ಹೊರಡಿಸಿದರು. ಅದು 1939ರ ಸೆಪ್ಟೆಂಬರ್ 1ರವರೆಗೆ, ಎಂದರೆ ಹಿಟ್ಲರನ ಸೇನೆ ಪೋಲೆಂಡಿನೊಳಗೆ ನುಗ್ಗಿದ ದಿನದವರೆಗೆ ನಡೆಯಿತು. 1940ರಲ್ಲಿ ನಾಜಿಗಳು ವಾರ್ಸಾದ ಯೆಹೂದಿಗಳನ್ನೆಲ್ಲ ಎತ್ತರದ ಗೋಡೆಯೊಳಗೆ ಕೂಡಿಹಾಕಿದರು. ಅನಾಥಾಲಯವೂ ತನ್ನ ಕಟ್ಟಡ ಬಿಟ್ಟು ಅಲ್ಲಿಗೆ ಹೋಗಬೇಕಾಯಿತು. ಹಸಿವು, ರೋಗಗಳ ನಡುವೆಯೂ ಮಕ್ಕಳ ದಿನಚರಿ ತಪ್ಪದಂತೆ ಕೊರ್ಚಾಕರು ನೋಡಿಕೊಂಡರು. ದವಸಕ್ಕಾಗಿ ಮನೆಮನೆಯ ಬಾಗಿಲು ತಟ್ಟಿದರು. 1942ರ ಜುಲೈ 18ರಂದು ಮಕ್ಕಳು ರವೀಂದ್ರನಾಥ ಠಾಕೂರರ ಡಾಕ್‌ಘರ್ ನಾಟಕವನ್ನು ಆಡಿದರು. ಹೊರಗೆ ಹೋಗಲಾರದ ರೋಗಿ ಬಾಲಕನು ಕಿಟಕಿಯ ಬಳಿ ಕುಳಿತು ಅರಸನ ಪತ್ರಕ್ಕಾಗಿ ಕಾಯುವ ಕಥೆ ಅದು.

ಕೊರ್ಚಾಕರನ್ನು ಗೋಡೆಯಾಚೆಗೆ ಪಾರುಮಾಡಲು ಗೆಳೆಯರು ಮುಂದೆ ಬಂದಿದ್ದರು. ಮಕ್ಕಳನ್ನು ಬಿಟ್ಟು ಹೋಗಲು ಅವರು ಒಪ್ಪಲಿಲ್ಲ. ಆಗಸ್ಟ್ ತಿಂಗಳ ಮೊದಲ ವಾರದಲ್ಲಿ ಒಂದು ಬೆಳಗ್ಗೆ ಸೈನಿಕರು ಬಂದು ಎಲ್ಲರನ್ನೂ ಹೊರಡಿಸಿದರು. ಸುಮಾರು ಇನ್ನೂರು ಮಕ್ಕಳು ಸಾಲಾಗಿ ನಿಂತರು. ಕೊರ್ಚಾಕರೂ ಸ್ಟೆಫಾನಿಯಾ ಅವರೂ ಅವರೊಡನೆ ರೈಲು ನಿಂತಿದ್ದ ಕಡೆಗೆ ನಡೆದುಹೋದರು. ಆ ರೈಲು ಅವರನ್ನು ಟ್ರೆಬ್ಲಿಂಕಾದ ವಧಾಶಿಬಿರಕ್ಕೆ ಒಯ್ದಿತು.